ಅರ್ಧ ಹಾಳೆಯ ಎರಡು ಸಾಲು: ಹೊಸನಗರ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿಯ ಪ್ರಕರಣ

ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಮಳೆ ಹಿಡಿದು ಮಕ್ಕಳು ಒದ್ದೆ ಛತ್ರಿಗಳನ್ನು ಶಾಲೆಯ ಜಗುಲಿಯಲ್ಲಿ ಸಾಲಾಗಿ ಬಿಡಿಸಿಡುವ ಹೊತ್ತಿಗೆ, ನನ್ನ ತರಗತಿಯ ಮಕ್ಕಳ ಕೈಗೆ ಅರ್ಧ ಹಾಳೆ ಕೊಟ್ಟು ಎರಡು ಪ್ರಶ್ನೆಗಳಿಗೆ ಉತ್ತರ ಬರೆಸುವುದು ನಾನು ಬಹಳ ಕಾಲದಿಂದ ನಡೆಸಿಕೊಂಡು ಬಂದ ರೂಢಿ. ಮುಂದೆ ಏನಾಗಬೇಕೆಂದು ನಿನಗೆ ಆಸೆ ಎಂಬುದು ಮೊದಲನೆಯ ಪ್ರಶ್ನೆ. ನಿಜವಾಗಿ ಏನಾಗುತ್ತೀಯ ಎಂದು ನಿನಗೆ ಅನ್ನಿಸುತ್ತದೆ ಎಂಬುದು ಎರಡನೆಯದು. ಬರೆಸಿದ ಹಾಳೆಗಳನ್ನು ದಾರ ಕಟ್ಟಿ ಬೀರುವಿನ ಕೆಳಗಿನ ಅರೆಯಲ್ಲಿ ಇಡುತ್ತಿದ್ದೆ. ಅವುಗಳನ್ನು ಓದುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಕೊಟ್ಟ ದಿನ ಒಮ್ಮೆ ಕಣ್ಣಾಡಿಸಿ, ಪೊಲೀಸ್, ಮಿಲಿಟರಿ, ಟೀಚರ್ ಎಂಬ ಪದಗಳನ್ನು ನೋಡಿ ನಕ್ಕು, ಕಟ್ಟಿಡುತ್ತಿದ್ದೆ.

2024ರ ಡಿಸೆಂಬರಿನಲ್ಲಿ ಬೀರುವಿಗೆ ಗೆದ್ದಲು ಹಿಡಿದಿತ್ತು. ಎಲ್ಲವನ್ನೂ ಹೊರಗೆ ಹಾಕಿ ಬಿಸಿಲಿಗೆ ಹರಡುವಾಗ, ಆಗ ಹತ್ತನೆಯ ತರಗತಿಯಲ್ಲಿದ್ದ ಒಬ್ಬ ಹುಡುಗಿಯ ಮೂರು ವರ್ಷದ ಮೂರು ಹಾಳೆಗಳು ಒಂದರ ಹಿಂದೆ ಒಂದು ಕೈಗೆ ಬಂದವು. ಎಂಟನೆಯ ತರಗತಿಯಲ್ಲಿ ಮೊದಲ ಪ್ರಶ್ನೆಗೆ ‘ದನದ ಡಾಕ್ಟರು’ ಎಂದೂ ಎರಡನೆಯದಕ್ಕೆ ‘ದನದ ಡಾಕ್ಟರೇ’ ಎಂದೂ ಬರೆದಿದ್ದಳು. ಆ ಕೊನೆಯ ಏಕಾರದ ಗುಣಿತವನ್ನು ಎರಡು ಸಲ ತೀಡಿದ್ದಳು. ಒಂಬತ್ತನೆಯ ತರಗತಿಯ ಹಾಳೆಯಲ್ಲಿ ಆಸೆ ದನದ ಡಾಕ್ಟರಾಗಿಯೇ ಉಳಿದಿತ್ತು, ಕೆಳಗಿನ ಸಾಲಿನಲ್ಲಿ ಮಾತ್ರ ‘ನರ್ಸ್ ಆಗಬಹುದು’ ಎಂದಿತ್ತು. ಹತ್ತನೆಯ ತರಗತಿಯ ಹಾಳೆಯ ಎರಡೂ ಸಾಲುಗಳಲ್ಲಿ ಒಂದೇ ಪದ: ‘ಟೈಲರಿಂಗ್’.

ಟೈಲರಿಂಗ್ ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಎರಡು ಸಾಲುಗಳ ನಡುವೆ ಒಂಬತ್ತನೆಯ ತರಗತಿಯಲ್ಲಿ ಬಿದ್ದ ಅಂತರ ಹತ್ತನೆಯದರಲ್ಲಿ ಮುಚ್ಚಿಹೋಗಿತ್ತು. ಆದರೆ ಅದು ಮುಚ್ಚಿದ್ದು ಕೆಳಗಿನ ಸಾಲು ಮೇಲೇರಿದ್ದರಿಂದಲ್ಲ, ಮೇಲಿನ ಸಾಲು ಕೆಳಗಿಳಿದದ್ದರಿಂದ. ಆಗದು ಎಂದು ಗೊತ್ತಾದದ್ದನ್ನು ಆ ಹುಡುಗಿ ಬಯಸುವುದನ್ನೇ ಬಿಟ್ಟಿದ್ದಳು. ನಾನು ಮೂರು ವರ್ಷ ಅವಳ ತರಗತಿ ಶಿಕ್ಷಕನಾಗಿದ್ದೆ.

ಈ ಬರಹ ಆ ಮೂರು ವರ್ಷಗಳ ವಿವರ. ಹುಡುಗಿಯ ಮತ್ತು ಅವಳ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ಶಾಲೆಗಳ ಹೆಸರು ಬಿಟ್ಟಿದ್ದೇನೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮನೆ, ತೋಟ, ಹಸು

ಅವಳ ತಂದೆ ಕೊನೆಗಾರ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಬಯಲುಸೀಮೆಯ ಓದುಗರಿಗಾಗಿ ಹೇಳುವುದಾದರೆ, ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರ ಹತ್ತಿ, ಮಳೆಗಾಲದಲ್ಲಿ ಕೊಳೆ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವವನೂ ಸುಗ್ಗಿಯಲ್ಲಿ ಕೊನೆ (ಅಡಿಕೆ ಗೊನೆ) ಕೊಯ್ದು ಹಗ್ಗದ ಮೇಲೆ ಇಳಿಬಿಡುವವನೂ ಅವನೇ. ಒಂದು ಮರದ ಕೆಲಸ ಮುಗಿದರೆ ಕೆಳಗಿಳಿಯದೆ, ಮರವನ್ನು ತೂಗಿ ಪಕ್ಕದ ಮರವನ್ನು ಹಿಡಿದು ದಾಟುವುದು ಆ ಕಸುಬಿನ ಚಾಕಚಕ್ಯತೆ, ಅದೇ ಅದರ ಅಪಾಯ ಕೂಡ. ಕೂಲಿ ಚೆನ್ನಾಗಿರುತ್ತದೆ, ಹೊಸ ಹುಡುಗರು ಈ ಕಸುಬಿಗೆ ಬರದೆ ಕೊನೆಗಾರರು ಅಪರೂಪವಾದಷ್ಟೂ ಅದು ಏರುತ್ತಲೇ ಇದೆ. ಒಂದು ತೋಟದವರು ಕೊಟ್ಟಿದ್ದ ಎರಡು ಅಂಕಣದ ಮನೆಯಲ್ಲಿ ಅಪ್ಪ, ಅಮ್ಮ, ಈ ಹುಡುಗಿ ಮತ್ತು ಅವಳ ತಮ್ಮ ಇದ್ದರು. ಮನೆ ತೋಟದವರದು, ಕೊಟ್ಟಿಗೆಯ ಹಸು ಇವರದು.

ಆ ಹಸುವಿನ ವಿಷಯ ಇಲ್ಲಿ ಅಗತ್ಯ. ಅದು ಮಲೆನಾಡು ಗಿಡ್ಡ ತಳಿಯದು, ಸಣ್ಣ ಮೈಯದು. ಹಾಲು ಹೆಚ್ಚಲಿ ಎಂದು ಯಾರೋ ಹೇಳಿದ ಮಾತು ಕೇಳಿ ಅದಕ್ಕೆ ಜೆರ್ಸಿ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿದ್ದರು. ಗಿಡ್ಡ ಹಸುವಿನ ಹೊಟ್ಟೆಯಲ್ಲಿ ದೊಡ್ಡ ತಳಿಯ ಕರು ಬೆಳೆದಾಗ ಆಗುವುದೇ ಇಲ್ಲೂ ಆಯಿತು. ಕರು ಹೊರಬರದೆ ಹಸು ರಾತ್ರಿಯಿಡೀ ನರಳಿತು. ಪಶುವೈದ್ಯರು ಮಳೆಯಲ್ಲಿ ಸಂಕ ದಾಟಿ ಬಂದು, ಭುಜದವರೆಗೆ ಕೈ ಹಾಕಿ, ಕರುವಿನ ಮುಂಗಾಲಿಗೆ ಹಗ್ಗ ಬಿಗಿದು, ಹಸು ಮುಕ್ಕಿದಾಗ ಮಾತ್ರ ಎಳೆಯಬೇಕೆಂದು ಎಲ್ಲರಿಗೂ ಹೇಳಿಕೊಟ್ಟು ಬೆಳಗಿನ ಜಾವಕ್ಕೆ ಕರುವನ್ನು ಜೀವಂತ ಹೊರತೆಗೆದರು. ಆಗ ಅವಳು ಏಳನೆಯ ತರಗತಿ. ಕೋವಿಡ್ ಮುಚ್ಚುಗಡೆಯಲ್ಲಿ ಆರನೆಯ ತರಗತಿಯನ್ನು ಹೆಚ್ಚುಕಡಿಮೆ ಮನೆಯಲ್ಲೇ ಕಳೆದು ಬಂದವಳು. ಟಾರ್ಚ್ ಹಿಡಿದು ನಿಂತವಳು ತಾನೇ ಎಂದೂ, ಸಣ್ಣ ತಳಿಗೆ ಸಣ್ಣ ತಳಿಯ ಸೂಜಿಯನ್ನೇ ಹಾಕಿಸಬೇಕೆಂದು ಡಾಕ್ಟರು ಅಪ್ಪನಿಗೆ ಬೈದರೆಂದೂ ಬಹಳ ತಡವಾಗಿ ನನಗೆ ಹೇಳಿದಳು. ಎಂಟನೆಯ ತರಗತಿಯ ಹಾಳೆಯ ಆ ‘ಡಾಕ್ಟರೇ’ ಬಂದದ್ದು ಅಲ್ಲಿಂದ.

ಬಿದ್ದ ಮೇಲೆ

2022ರ ನವೆಂಬರಿನಲ್ಲಿ, ಕೊಯ್ಲಿನ ನಡುವೆ, ಅಪ್ಪ ದಾಟುವಾಗ ಹಿಡಿದ ಮರದ ತಲೆ ಮುರಿಯಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಮೊದಲು ಶಿವಮೊಗ್ಗ, ಅಲ್ಲಿಂದ ಮಣಿಪಾಲ. ಶಸ್ತ್ರಚಿಕಿತ್ಸೆಯ ಖರ್ಚನ್ನು ಆಯುಷ್ಮಾನ್ ಕಾರ್ಡು ಹೊತ್ತಿತು, ಅದಿಲ್ಲದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಕಾರ್ಡು ಹೊರದ ಖರ್ಚುಗಳೇ ಬೇರೆ: ಬಾಡಿಗೆ ಕಾರು, ಜೊತೆಗಿರುವವರ ಊಟ, ಮೂತ್ರದ ನಳಿಕೆ ಮತ್ತು ಚೀಲ, ವಾರಕ್ಕಿಷ್ಟು ಹತ್ತಿ ಮತ್ತು ಔಷಧ, ಎಲ್ಲಕ್ಕಿಂತ ಮಿಗಿಲಾಗಿ ನಿಂತುಹೋದ ದಿನಗೂಲಿ. ಅಮ್ಮ ಸ್ವಸಹಾಯ ಸಂಘದಿಂದ ಸಾಲ ತೆಗೆದರು, ವಾರದ ಕಂತು ಶುರುವಾಯಿತು. ತೋಟದವರನ್ನು ದೂರುವುದು ಸುಲಭ. ಅವರು ಆ ದಿನ ಕಾರು ಮಾಡಿಕೊಟ್ಟರು, ಕೈಲಾದಷ್ಟು ದುಡ್ಡನ್ನೂ ಕೊಟ್ಟರು. ಆದರೆ ಮುಂದಿನ ಮಳೆಗಾಲಕ್ಕೆ ಔಷಧಿ ಹೊಡೆಯಲು ಬೇರೆ ಕೊನೆಗಾರ ಬೇಕಿತ್ತು, ಅವನಿಗೆ ಮನೆ ಬೇಕಿತ್ತು. 2023ರ ಮೇ ತಿಂಗಳಲ್ಲಿ ಸಂಸಾರ ಶಾಲೆಯಿಂದ 9 ಕಿಲೊಮೀಟರ್ ದೂರದ ಸೋದರಮಾವನ ಮನೆಯ ಜಗುಲಿಗೆ ಬಂತು. ಅಲ್ಲಿ ಕೊಟ್ಟಿಗೆಯಲ್ಲಿ ಜಾಗ ಇರಲಿಲ್ಲ. ಹಸುವನ್ನೂ ಆ ಕರುವನ್ನೂ ಮಾರಿದರು.

ಮರದಿಂದ ಬಿದ್ದದ್ದು ಒಂದು ದಿನದ ಘಟನೆ. ಮಗುವಿನ ಮೇಲೆ ಅದು ಬಿದ್ದದ್ದು ಕಂತುಕಂತಾಗಿ: ಮೊದಲು ಆಸ್ಪತ್ರೆ, ಆಮೇಲೆ ಸಾಲ, ಆಮೇಲೆ ಮನೆ, ಆಮೇಲೆ ಹಸು. ಬಾಲ್ಯದ ಕಷ್ಟಗಳನ್ನು ಎಣಿಸುವ ಪದ್ಧತಿ ಪ್ರಸಿದ್ಧವಾದದ್ದು 1998ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು ಪ್ರಕಟಿಸಿದ ಅಧ್ಯಯನದಿಂದ. ಸುಮಾರು 9,500 ವಯಸ್ಕರನ್ನು ಒಳಗೊಂಡ ಆ ಸಮೀಕ್ಷೆಯು ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ, ತಾಯಿಯ ಮೇಲಿನ ಹಿಂಸೆ ಮುಂತಾದವು ಎಷ್ಟು ಬಗೆ ಸೇರುತ್ತವೆಯೋ ಅಷ್ಟು ದೊಡ್ಡ ವಯಸ್ಸಿನ ಕಾಯಿಲೆಗಳ ಸಂಭವ ಏರುತ್ತದೆ ಎಂದು ತೋರಿಸಿತು. ಕಷ್ಟಗಳು ಒಂಟಿಯಾಗಿ ಬರುವುದಿಲ್ಲ, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ ಎಂಬ ಅದರ ತಿರುಳು ನಮ್ಮ ಹಳ್ಳಿಗೂ ಸಲ್ಲುತ್ತದೆ. ಆದರೆ ಆ ಪಟ್ಟಿಯನ್ನು ಹಿಡಿದು ಈ ಹುಡುಗಿಯನ್ನು ಎಣಿಸಿದರೆ ಉತ್ತರ ಸೊನ್ನೆ. ಅವಳ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ದುಡಿಯುವ ಮೈ ಮುರಿಯುವುದು, ಸಾಲದ ಕಂತು, ಮನೆ ಬಿಡುವುದು, ಇವು ಅದರಲ್ಲಿ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮುಂದೆ ಬೇರೆ ದೇಶಗಳಿಗೂ ಹೊಂದುವಂತೆ ಮಾಡಿದ ಪ್ರಶ್ನಾವಳಿಯಲ್ಲಿ ಬೀದಿಯ ಹಿಂಸೆ, ಯುದ್ಧ, ಓರಗೆಯವರ ಕಾಟ ಸೇರಿದವು. ಕೊನೆಗಾರನ ಮಗಳನ್ನು ಹಿಡಿಯಲು ಅದೂ ಸಾಲದು.

ಶಾಲೆಯ ಕ್ಯಾಲೆಂಡರಿಗೆ ಮನೆಯ ಕಷ್ಟ ಗೊತ್ತಿರುವುದಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತನೆಯದರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷಕ್ಕೆ 48,000 ರೂಪಾಯಿ. ಆ ಪರೀಕ್ಷೆ ಬರೆಯಲು ಅವಕಾಶ ಎಂಟನೆಯ ತರಗತಿಯಲ್ಲಿ ಮಾತ್ರ. ನಮ್ಮ ಶಾಲೆಯಲ್ಲಿ ಆ ವರ್ಷ ಖಂಡಿತ ಪಾಸಾಗುವವರ ಸಾಲಿನಲ್ಲಿ ನಾನು ಮೊದಲು ಬರೆದುಕೊಂಡ ಹೆಸರು ಅವಳದು. ಪರೀಕ್ಷೆಯ ದಿನ ಅವಳು ಅಪ್ಪನ ಹಾಸಿಗೆಯ ಪಕ್ಕದಲ್ಲಿದ್ದಳು. ಅಂದು ಹಾಲ್ ಟಿಕೆಟ್ಟನ್ನು ನನ್ನ ಮೇಜಿನಲ್ಲೇ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕಾದೆ.

ನಾವು ಕಂಡದ್ದು, ಕಾಣದ್ದು

ಒಂಬತ್ತನೆಯ ತರಗತಿಯಲ್ಲಿ ಅವಳು ಮತ್ತೆ ಕ್ರಮವಾಗಿ ಶಾಲೆಗೆ ಬಂದಳು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದದ್ದರಿಂದ ಬಸ್ಸಿನ ಖರ್ಚು ಉಳಿಯಿತು, ಆಗಸ್ಟಿನಿಂದ ಅಮ್ಮನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರತೊಡಗಿತು. ಎಂಟನೆಯ ತರಗತಿಯಲ್ಲಿ ನೂರಕ್ಕೆ 87 ಬಂದಿದ್ದ ಅಂಕ ಒಂಬತ್ತನೆಯದರಲ್ಲಿ 85, ಹತ್ತನೆಯದರ ಅರ್ಧವಾರ್ಷಿಕದಲ್ಲಿ 83. ನಮ್ಮ ಸಿಬ್ಬಂದಿ ಕೋಣೆಯಲ್ಲಿ ಅವಳ ಮಾತು ಬಂದರೆ ಎಲ್ಲರೂ ಮೆಚ್ಚುಗೆಯ ಮಾತೇ ಆಡುತ್ತಿದ್ದರು. ಪ್ರಗತಿ ಪತ್ರದಲ್ಲಿ ನಾನೇ ನನ್ನ ಕೈಯಾರೆ ‘ಪರಿಸ್ಥಿತಿಗೆ ಹೊಂದಿಕೊಂಡ, ಜವಾಬ್ದಾರಿಯುತ ವಿದ್ಯಾರ್ಥಿನಿ’ ಎಂದು ಬರೆದಿದ್ದೇನೆ. ವಾರ್ಷಿಕೋತ್ಸವದಲ್ಲಿ, ಹೆಸರು ಹೇಳದೆ ಆದರೆ ಎಲ್ಲರಿಗೂ ಗೊತ್ತಾಗುವ ಹಾಗೆ, ಅವಳನ್ನು ಮಾದರಿಯಾಗಿ ತೋರಿಸಿ ಭಾಷಣ ಮಾಡಿದ್ದೇನೆ. ಅವಳು ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು, ನಾಚಿಕೆ ಅಂದುಕೊಂಡೆ.

ಹಾಳೆಗಳು ಸಿಕ್ಕ ದಿನ ಸಂಜೆ ಅವಳ ಹಳೆಯ ಹಾಜರಿ ಪುಸ್ತಕಗಳನ್ನೂ ಉತ್ತರ ಪತ್ರಿಕೆಗಳನ್ನೂ ತೆಗೆದೆ. ಒಂಬತ್ತನೆಯ ತರಗತಿಯಲ್ಲಿ 23 ದಿನ ಗೈರು. ಜ್ವರ, ನೆಂಟರ ಮನೆ, ಮಳೆ ಎಂದು ಕಾರಣಗಳು ಒಂದೊಂದೂ ಸರಿಯಾಗಿಯೇ ಇದ್ದವು. ದಿನಾಂಕಗಳ ಪಕ್ಕ ವಾರ ಬರೆದುಕೊಂಡು ನೋಡಿದಾಗ 23ರಲ್ಲಿ 17 ಮಂಗಳವಾರ. ಸಂಘದ ಸಭೆ ಮಂಗಳವಾರ ಬೆಳಿಗ್ಗೆ. ಸಾಲ ತೆಗೆದವರು ಅಥವಾ ಮನೆಯವರೊಬ್ಬರು ಹೋಗಿ ಕಂತು ಕಟ್ಟಿ ಸಹಿ ಹಾಕಬೇಕು. ಅಮ್ಮ ಆ ದಿನ ಕೂಲಿ ಬಿಟ್ಟರೆ ಕಂತಿಗೇ ಖೋತಾ. ಆದ್ದರಿಂದ ಮಗಳು ಹೋಗುತ್ತಿದ್ದಳು. ಹದಿನಾಲ್ಕು ವರ್ಷದ ಹುಡುಗಿ ಹೆಂಗಸರ ನಡುವೆ ಚಾಪೆಯ ಮೇಲೆ ಕೂತು, ತನ್ನ ಮನೆಯ ಸಾಲ ಇನ್ನೆಷ್ಟು ಬಾಕಿ ಎಂದು ವಾರವಾರವೂ ಗಟ್ಟಿಯಾಗಿ ಓದಿ ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಗಣಿತದಲ್ಲಿ ಬಡ್ಡಿಯ ಲೆಕ್ಕಗಳನ್ನು ಅವಳು ಒಮ್ಮೆಯೂ ತಪ್ಪು ಮಾಡದಿರಲು ಏನು ಕಾರಣವೆಂದು ನನಗೆ ಆಗ ಹೊಳೆಯಿತು.

ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳ ಅಂಚಿನಲ್ಲಿ ಕಂದು ಬಣ್ಣದ ಬೆರಳಚ್ಚುಗಳಿದ್ದವು. ಅಡಿಕೆ ಸುಲಿದ ಕೈಗೆ ಹತ್ತಿದ ಚೊಗರು ಸೋಪಿಗೆ ಹೋಗುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಮಾವನ ಮನೆಯ ಹತ್ತಿರದ ತೋಟದವರ ಅಂಗಳದಲ್ಲಿ ರಾತ್ರಿ ಹತ್ತೂವರೆಯವರೆಗೆ ಅಮ್ಮ, ಮಗಳು ಇಬ್ಬರೂ ಸುಲಿಯುತ್ತಿದ್ದರು; ಸುಲಿತಕ್ಕೆ ಕೆ.ಜಿ. ಲೆಕ್ಕದ ಕೂಲಿ, ಆದ್ದರಿಂದ ಎರಡು ಕೈ ಹೆಚ್ಚಾದರೆ ದುಡ್ಡೂ ಹೆಚ್ಚು. ಕಡ್ಡಾಯ ಶಿಕ್ಷಣದ ಹಕ್ಕು 14 ವರ್ಷಕ್ಕೆ ಮುಗಿಯುತ್ತದೆ, ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯೂ 14 ತುಂಬಿದ ಮೇಲೆ ಅಪಾಯಕಾರಿಯಲ್ಲದ ಕೆಲಸಗಳಿಗೆ ಬಿಡುತ್ತದೆ. ಅಂದರೆ ಕೆಲಸ ಮಾಡುವುದೇ ಕಾನೂನಿನ ಕಣ್ಣಿಗೆ ತಪ್ಪಾಗಿರಲಿಲ್ಲ, ಸಂಜೆ ಏಳರ ಮೇಲೆ ಮಾಡುವುದನ್ನು ಮಾತ್ರ ಅದೇ ಕಾಯ್ದೆ ತಡೆಯುತ್ತದೆ. ಆ ಕೈಯನ್ನು ನಾನು ಎಷ್ಟೋ ಸಲ ನೋಡಿದ್ದೆ. ನಮ್ಮ ಕಡೆ ನವೆಂಬರಿನಲ್ಲಿ ಯಾರ ಕೈ ಹಾಗಿರುವುದಿಲ್ಲ?

ಅಂಕ ಬಿದ್ದದ್ದು ಆ ಡಿಸೆಂಬರಿನ ಕಿರುಪರೀಕ್ಷೆಯಲ್ಲಿ: ಗಣಿತದಲ್ಲಿ 80ಕ್ಕೆ 41. ನಮ್ಮ ಶಾಲೆಯ ಕಟ್ಟಳೆಯ ಪ್ರಕಾರ ಅಲ್ಲಿಗೆ ಅವಳು ‘ಗಮನ ಬೇಕಾದ ಮಕ್ಕಳ’ ಪಟ್ಟಿಗೆ ಬಂದಳು. ಹಾಳೆಗಳು ಹೇಳುವಂತೆ ಎರಡು ಸಾಲುಗಳು ಬೇರೆಯಾದದ್ದು 2023ರ ಜೂನಿನಲ್ಲಿ, ಆಸೆಯೇ ಇಳಿದದ್ದು 2024ರ ಜೂನಿನಲ್ಲಿ. ಮೊದಲನೆಯದರಿಂದ ಎಣಿಸಿದರೆ ಹದಿನೆಂಟು ತಿಂಗಳು ಅಂಕ ಗಟ್ಟಿಯಾಗಿಯೇ ನಿಂತಿತ್ತು. ಅಭ್ಯಾಸಬಲದಿಂದ ಅವಳು ಓದುತ್ತಿದ್ದಳು, ನಾವು ಅಂಕವನ್ನಷ್ಟೇ ನೋಡುತ್ತಿದ್ದೆವು. ಅಂಕ ಕುಸಿದಾಗ ಏನೋ ಆಗಿದೆ ಎಂದು ಎದ್ದು ಕೂರುವ ಶಾಲೆ, ಆದದ್ದು ಆಗಿ ಎಷ್ಟು ಕಾಲವಾಯಿತು ಎಂದು ಕೇಳಿಕೊಳ್ಳುವುದಿಲ್ಲ. ನನ್ನ ಈ ಬರಹದ ಉದ್ದೇಶವೇನಾದರೂ ಇದ್ದರೆ ಅದು ಈ ಒಂದು ಮಾತು.

ಆಸೆ ಸಣ್ಣದಾಗುವ ಬಗೆ

ಬಡವರ ಮಕ್ಕಳಿಗೆ ಆಸೆಯೇ ಇರುವುದಿಲ್ಲ, ಇಲ್ಲದ್ದನ್ನು ಹುಟ್ಟಿಸಬೇಕು ಎಂಬ ನಂಬಿಕೆಯಿಂದ ನಮ್ಮ ಪ್ರೇರಣಾ ಭಾಷಣಗಳೆಲ್ಲ ಹೊರಡುತ್ತವೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಿಂದ ನಡೆದ ‘ಯಂಗ್ ಲೈವ್ಸ್’ ಅಧ್ಯಯನ ಇದಕ್ಕೆ ಬೇರೆಯದೇ ಚಿತ್ರ ಕೊಡುತ್ತದೆ. ಇಥಿಯೋಪಿಯ, ಪೆರು, ವಿಯೆಟ್ನಾಂ ಮತ್ತು ನಮ್ಮ ನೆರೆಯ ಆಂಧ್ರಪ್ರದೇಶದ (ಅಂದಿನ ಅವಿಭಜಿತ ರಾಜ್ಯದ) ಸುಮಾರು 12,000 ಮಕ್ಕಳನ್ನು 2002ರಿಂದ ಹಿಡಿದು ಅವರು ದೊಡ್ಡವರಾಗುವವರೆಗೆ ಮತ್ತೆ ಮತ್ತೆ ಭೇಟಿಯಾಗಿ ಕೇಳಿದ ಅಧ್ಯಯನ ಅದು. ಒಂದು ಗುಂಪು 2001–02ರ ಆಸುಪಾಸಿನಲ್ಲಿ ಹುಟ್ಟಿದವರದು, ಇನ್ನೊಂದು 1994–95ರ ಸುಮಾರಿಗೆ ಹುಟ್ಟಿದವರದು. ಅಲ್ಲಿ ಬಡ ಮನೆಗಳ ಮಕ್ಕಳೂ ಅವರ ತಂದೆ ತಾಯಿಯರೂ ಹೇಳಿದ ಆಸೆ ಸಣ್ಣದಾಗಿರಲಿಲ್ಲ. ಕಾಲೇಜು, ವಿಶ್ವವಿದ್ಯಾಲಯವೆಂದೇ ಬಹಳ ಮಂದಿ ಹೇಳಿದ್ದರು. ಆಸೆ ಮೊದಲೇ ಇತ್ತು. ಹಾಗಾದರೆ ಕೇಳಬೇಕಾದದ್ದು ಅದು ಯಾವಾಗ, ಯಾವ ಮೆಟ್ಟಿಲಿನಲ್ಲಿ ಇಳಿಯಿತು ಎಂದು. ಈ ಹುಡುಗಿಯ ಮೂರು ಹಾಳೆಗಳ ಮುಂದೆ ಕೂತಾಗ ನನಗೂ ಅದೇ ಕಂಡಿತು.

ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2004ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಬಯಸುವ ಶಕ್ತಿ ಎಂದರೆ ದಾರಿ ಕಂಡುಕೊಳ್ಳುವ ಶಕ್ತಿ ಎನ್ನುತ್ತಾರೆ. ಉಳ್ಳವರು ಆ ದಾರಿಯಲ್ಲಿ ಹಲವು ಸಲ ನಡೆದಾಡಿರುವುದರಿಂದ ಯಾವ ತಿರುವಿನಲ್ಲಿ ಎಲ್ಲಿಗೆ ಹೊರಳಬೇಕೆಂದು ಅವರಿಗೆ ಗೊತ್ತಿರುತ್ತದೆ, ಇಲ್ಲದವರಿಗೆ ಊರಿನ ಹೆಸರು ಗೊತ್ತು, ನಡುವಿನ ನಿಲ್ದಾಣಗಳು ಗೊತ್ತಿಲ್ಲ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆಯೆಂದು ಈ ಹುಡುಗಿಗೆ ಗೊತ್ತಿರಲಿಲ್ಲ. ಅದು ಇರುವುದು ನಮ್ಮ ಜಿಲ್ಲಾ ಕೇಂದ್ರದಲ್ಲಿ. ಡಾಕ್ಟರು ಎಂದ ಮೇಲೆ ಬೆಂಗಳೂರು, ಲಕ್ಷಗಟ್ಟಲೆ ದುಡ್ಡು ಎಂದಷ್ಟೇ ಅವಳ ಎಣಿಕೆಯಾಗಿತ್ತು. ಎಸ್‌ಎಸ್‌ಎಲ್‌ಸಿ ಆದವರಿಗೆ ಪಶುಸಂಗೋಪನೆಯಲ್ಲಿ ಎರಡು ವರ್ಷದ ಡಿಪ್ಲೊಮಾ ಇದೆ, ತಿಪಟೂರು ತಾಲ್ಲೂಕಿನ ಕೋನೇಹಳ್ಳಿಯಲ್ಲಿ ಅದನ್ನು ಕಲಿಸುತ್ತಾರೆ ಎಂಬುದು ನನಗೂ ಗೊತ್ತಿರಲಿಲ್ಲ. ಕರು ತೆಗೆದ ಅದೇ ಪಶುವೈದ್ಯರನ್ನು ಹುಡುಕಿಕೊಂಡು ಹೋದಾಗ ಅವರು ಹೇಳಿದರು.

ಅರ್ಥಶಾಸ್ತ್ರಜ್ಞ ದೇಬರಾಜ್ ರೇ ಅವರ ಮಾತೊಂದು ಇಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂತು: ಗುರಿ ತೀರ ಹತ್ತಿರವಿದ್ದರೂ ಮನುಷ್ಯ ಶ್ರಮಪಡುವುದಿಲ್ಲ, ತೀರ ದೂರವಿದ್ದರೂ ಶ್ರಮಪಡುವುದಿಲ್ಲ. ಎಸ್‌ಎಸ್‌ಎಲ್‌ಸಿಯ ನಂತರ ಎರಡು ವರ್ಷ ಪಿಯುಸಿ, ಆಮೇಲೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪಶುವೈದ್ಯಕೀಯ ಪದವಿ, ಒಟ್ಟು ಏಳೂವರೆ ವರ್ಷ. ಜಗುಲಿಯಲ್ಲಿ ಮಲಗುವ ಸಂಸಾರಕ್ಕೆ ಅದು ಕಣ್ಣಿಗೆ ಕಾಣುವ ದೂರವಲ್ಲ. ಆರು ತಿಂಗಳ ಹೊಲಿಗೆ ತರಬೇತಿ ಕಾಣುವ ದೂರ. ಹಾಗೆ ನೋಡಿದರೆ ಅವಳು ಬುದ್ಧಿವಂತಿಕೆಯಿಂದಲೇ ಲೆಕ್ಕ ಹಾಕಿದ್ದಳು. ತಪ್ಪಿದ್ದು ಲೆಕ್ಕದಲ್ಲಲ್ಲ, ಲೆಕ್ಕಕ್ಕೆ ಕೊಟ್ಟ ಅಂಕಿಗಳಲ್ಲಿ. ಆ ಅಂಕಿಗಳನ್ನು ಸರಿಯಾಗಿ ಕೊಡಬೇಕಾಗಿದ್ದವರು ನಾವು.

ಮಾವನ ಮನೆಯ ಜಗುಲಿ

ಜನವರಿಯ ಮೊದಲ ಭಾನುವಾರ ಅವಳ ಮಾವನ ಮನೆಗೆ ಹೋದೆ. ಮಾವ ಕೆಟ್ಟವರಲ್ಲ. ಚಹಾ ತರಿಸಿ, ಎಲೆ ಅಡಿಕೆಯ ತಟ್ಟೆ ಮುಂದಿಟ್ಟು, ನೇರವಾಗಿ ಹೇಳಿದರು: “ನಾವೇನು ಓದಬೇಡ ಅಂತೀವಾ ಮೇಷ್ಟ್ರೆ? ಡಾಕ್ಟರಾಗೂದು ಅಂದ್ರೆ ಎಷ್ಟು ವರ್ಷ, ನೀವೇ ಹೇಳಿ. ಅಷ್ಟು ವರ್ಷ ಇವ್ರ ಒಲೆ ಉರಿಸೋರು ಯಾರು? ಹೊಲಿಗೆ ಕಲಿತ್ರೆ ಮನೇಲೇ ಕೂತು ಹೊಲೀತಾಳೆ, ಭಾವನ್ನೂ ನೋಡ್ಕಂತಾಳೆ.” ಆ ಕೊನೆಯ ಮಾತಿನಲ್ಲಿ ಗಂಟು ಇತ್ತು. ನಾನು ಅಲ್ಲಿಯವರೆಗೆ ದುಡ್ಡೇ ತೊಡಕು ಎಂದುಕೊಂಡು, ವಿದ್ಯಾರ್ಥಿವೇತನಗಳ ಪಟ್ಟಿ ಬರೆದುಕೊಂಡು ಹೋಗಿದ್ದೆ. ತೊಡಕು ಇದ್ದದ್ದು ಬೆಳಿಗ್ಗೆ ಎಂಟರಿಂದ ಸಂಜೆ ಐದರ ನಡುವೆ. ಸೊಂಟದ ಕೆಳಗೆ ಸ್ವಾಧೀನವಿಲ್ಲದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ, ಒಮ್ಮೆ ಆಗಿಯೂ ಇತ್ತು. ಅವಳು ಶಾಲೆಗೆ ಬರುತ್ತಿದ್ದ ದಿನಗಳಲ್ಲಿ ಮಾವನ ಹೆಂಡತಿ ಆ ಕೆಲಸ ಮಾಡುತ್ತಿದ್ದರು, ಗೊಣಗದೆ ಅಲ್ಲ. ಹತ್ತನೆಯ ತರಗತಿ ಮುಗಿದರೆ ಆ ಭಾರ ಮಗಳದ್ದು ಎಂಬುದು ಯಾರೂ ಬಾಯಿಬಿಟ್ಟು ಆಡದೆ ಎಲ್ಲರೂ ಒಪ್ಪಿಕೊಂಡ ಒಪ್ಪಂದವಾಗಿತ್ತು.

ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. “ಅವಳು ಎಂತದೂ ಕೇಳೂದೇ ಇಲ್ಲ ಮೇಷ್ಟ್ರೆ, ಪಾಪ” ಎಂದರು. ಅಮ್ಮನಿಗೆ ಅದು ಮಗಳ ಗುಣ. ನನ್ನ ಪ್ರಗತಿ ಪತ್ರದ ಷರಾ ಕೂಡ ಅದನ್ನೇ ಬೇರೆ ಪದಗಳಲ್ಲಿ ಹೇಳಿತ್ತು.

ಅಪ್ಪ ಒಳಗಿನ ಮಂಚದಲ್ಲಿದ್ದರು. ಇಷ್ಟೆಲ್ಲ ಮಾತು ಅವರ ಕಿವಿಗೆ ಬೀಳುವಷ್ಟು ದೂರದಲ್ಲೇ ನಡೆದಿತ್ತು. ಹೊರಡುವ ಮುಂಚೆ ಮಾತಾಡಿಸಿ ಹೋಗೋಣವೆಂದು ಒಳಗೆ ಹೋದವನು, ನಿಮಗೇನನ್ನಿಸುತ್ತದೆ ಎಂದು ಸುಮ್ಮನೆ ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ನನ್ನನ್ನ ಯಾರೂ ಕೇಳ್ಲೇ ಇಲ್ಲಲ್ಲ ಮೇಷ್ಟ್ರೆ” ಎಂದರು. ಆಮೇಲೆ ಜಂತಿಯತ್ತ ಕೈ ತೋರಿಸಿ, ಅಟ್ಟದಲ್ಲಿ ತಾನು ಕೊನೆ ಇಳಿಸುತ್ತಿದ್ದ ಹಗ್ಗ ಇದೆ, ಅದನ್ನು ಅಲ್ಲಿಗೆ ಕಟ್ಟಿ ಇಳಿಬಿಟ್ಟರೆ ತಾನೇ ಹಿಡಿದು ಎದ್ದು ಮಗ್ಗುಲಾಗಬಲ್ಲೆ ಎಂದು ಹೇಳಿದರು. ಇಪ್ಪತ್ತು ವರ್ಷ ಮರ ಹತ್ತಿದ ತೋಳು ಎರಡು ವರ್ಷದ ಹಾಸಿಗೆಯಲ್ಲಿ ಸೊರಗಿದ್ದರೂ ಸೋತಿರಲಿಲ್ಲ. ಮಾವ ಏಣಿ ತಂದರು. ಕಟ್ಟಿದ ಗಂಟನ್ನು ಅಪ್ಪ ಕೆಳಗಿನಿಂದಲೇ ನೋಡಿ ಸರಿಯಿಲ್ಲವೆಂದು ಎರಡು ಸಲ ಬಿಚ್ಚಿಸಿದರು. ಮೂರನೆಯ ಸಲ ಒಪ್ಪಿದರು. ಆಶಾ ಕಾರ್ಯಕರ್ತೆ ಮರುವಾರ ಬಂದು ಹೇಗೆ ತಿರುಗಬೇಕು, ಎಲ್ಲಿ ದಿಂಬು ಕೊಡಬೇಕು ಎಂದು ತೋರಿಸಿಕೊಟ್ಟರು. ಮಾವನ ಹೆಂಡತಿಗೆ ಮಧ್ಯಾಹ್ನದ ಊಟ ಕೊಡುವ ಕೆಲಸ ಮಾತ್ರ ಉಳಿಯಿತು.

ಉಳಿದ ವ್ಯವಸ್ಥೆಗಳನ್ನು ಚುಟುಕಾಗಿ ಹೇಳುತ್ತೇನೆ. ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಮಕ್ಕಳ ರಕ್ಷಣಾ ಯೋಜನೆಯಡಿ, ದುಡಿಯುವ ಪೋಷಕರು ಅಶಕ್ತರಾದ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಇದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ರೇಷನ್ ಕಾರ್ಡು ಹಳೆಯ ತೋಟದ ವಿಳಾಸದಲ್ಲೇ ಇದ್ದದ್ದರಿಂದ ಆದಾಯ ಪ್ರಮಾಣಪತ್ರವೂ ಸೇರಿ ಕಾಗದ ಹೊಂದಿಸಲು ನಮಗೆ ಎರಡು ತಿಂಗಳು ಹಿಡಿಯಿತು. ಇದನ್ನು ಎಂಟನೆಯ ತರಗತಿಯಲ್ಲೇ ಮಾಡಬಹುದಿತ್ತು. ಸಂಘದ ಹೆಂಗಸರೊಡನೆ ಅಮ್ಮನೇ ಮಾತಾಡಿ, ಕಂತನ್ನು ಹಿಂದಿನ ರಾತ್ರಿಯೇ ಪಕ್ಕದ ಮನೆಯ ಸದಸ್ಯೆಯ ಕೈಯಲ್ಲಿ ಕೊಟ್ಟು ಕಳಿಸುವ ಏರ್ಪಾಡು ಮಾಡಿಕೊಂಡರು. ಅದು ಇಷ್ಟು ಸುಲಭವೆಂದು ಮೊದಲೇ ಯಾಕೆ ಹೊಳೆಯಲಿಲ್ಲವೆಂದು ಎಲ್ಲರಿಗೂ ಅನ್ನಿಸಿತು.

ಶಿವಮೊಗ್ಗಕ್ಕೆ ಒಂದು ಶನಿವಾರ

ಪಶುವೈದ್ಯರು ತಮ್ಮ ಪರಿಚಯದವರಿಗೆ ಫೋನ್ ಮಾಡಿ ಹೇಳಿದ್ದರಿಂದ, ಜನವರಿಯ ಕೊನೆಯ ವಾರ ಮುಖ್ಯ ಶಿಕ್ಷಕರ ಅನುಮತಿ ಪಡೆದು ಅವಳನ್ನೂ ಇನ್ನಿಬ್ಬರು ಮಕ್ಕಳನ್ನೂ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದೆ. ಜೊತೆಗೆ ನಮ್ಮ ವಿಜ್ಞಾನ ಶಿಕ್ಷಕಿಯೂ ಬಂದಿದ್ದರು. ಸೊರಬ ಕಡೆಯ ಒಬ್ಬ ವಿದ್ಯಾರ್ಥಿನಿ ನಮ್ಮನ್ನು ಸುತ್ತಾಡಿಸಿದಳು. ಅವಳೂ ಕನ್ನಡ ಮಾಧ್ಯಮದವಳು, ಅವಳ ಅಪ್ಪನೂ ಕೂಲಿ. ಇನ್ನಿಬ್ಬರು ಮಕ್ಕಳು ಜೋಡಿಸಿಟ್ಟ ಎಲುಬಿನ ಹಂದರವನ್ನು ನೋಡಿ ಬೆರಗಾಗುತ್ತಿದ್ದರು. ನಮ್ಮ ಹುಡುಗಿ ಬಹಳ ಹೊತ್ತು ಏನನ್ನೂ ಕೇಳಲಿಲ್ಲ. ಕೊನೆಗೆ ಗೇಟಿನ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕ, ಮೆಸ್ ಬಿಲ್ ತಿಂಗಳಿಗೆ ಎಷ್ಟು ಬರುತ್ತೆ?”

ಆ ಪ್ರಶ್ನೆ ಕೇಳಿ ನನ್ನ ಜೊತೆಗಿದ್ದ ಶಿಕ್ಷಕಿಗೆ ಸ್ವಲ್ಪ ನಿರಾಸೆಯಾಯಿತು, ಇಷ್ಟು ನೋಡಿಯೂ ಇವಳಿಗೆ ದುಡ್ಡಿನದೇ ಯೋಚನೆಯಲ್ಲ ಎಂದರು. ನನಗೆ ಹಾಗೆನ್ನಿಸಲಿಲ್ಲ. ಮನಸ್ಸಿನಲ್ಲಿ ಜಾಗವೇ ಇಲ್ಲದ ಊರಿಗೆ ಯಾರೂ ಬಸ್ ಚಾರ್ಜು ಕೇಳುವುದಿಲ್ಲ. ವಾಪಸು ಬರುವಾಗ, ಆಯನೂರು ದಾಟಿದ ಮೇಲೆ, ಕರು ಎಳೆದ ರಾತ್ರಿಯ ಕಥೆಯನ್ನು ತಾನಾಗಿಯೇ ಹೇಳಿದಳು.

ಈಗ

2025ರ ಮೇ 2ರಂದು ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು. ಅವಳಿಗೆ 625ಕ್ಕೆ 487. ಆ ಡಿಸೆಂಬರನ್ನು ನೆನೆದರೆ ಹೆಚ್ಚು, ಎಂಟನೆಯ ತರಗತಿಯನ್ನು ನೆನೆದರೆ ಕಡಿಮೆ. ಕೋನೇಹಳ್ಳಿಯ ಡಿಪ್ಲೊಮಾಕ್ಕೆ ಅಷ್ಟು ದೂರ ಕಳಿಸಲು ಅಮ್ಮ ಒಪ್ಪಲಿಲ್ಲ. ನಾನು ಒತ್ತಾಯಿಸಲಿಲ್ಲ, ಒತ್ತಾಯಿಸಬೇಕಿತ್ತೇನೋ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಹೋಬಳಿಯ ಪಿಯು ಕಾಲೇಜಿನಲ್ಲಿ ಕಲಾ ಮತ್ತು ವಾಣಿಜ್ಯ ವಿಭಾಗಗಳು ಮಾತ್ರ ಇರುವುದರಿಂದ, ಅವಳು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದ್ದಾಳೆ. ಹಾಸ್ಟೆಲಿಗೆ ಅರ್ಜಿ ಹಾಕು ಎಂದರೆ ಬೇಡವೆಂದಳು. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾಳೆ. ಟಿಸಿ ತೆಗೆದುಕೊಳ್ಳಲು ಬಂದ ದಿನ ಮತ್ತೊಂದು ಅರ್ಧ ಹಾಳೆ ಕೊಟ್ಟೆ. ಮೇಲಿನ ಸಾಲಿನಲ್ಲಿ ದನದ ಡಾಕ್ಟರು ಎಂದು ಬರೆದು, ಕೆಳಗಿನ ಸಾಲಿನಲ್ಲಿ ಪೆನ್ನು ಇಟ್ಟು ತೆಗೆದು, ‘ನೋಡಬೇಕು’ ಎಂದು ಬರೆದಳು.

ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದವರಿಗೆ ಇಂಗ್ಲಿಷಿನ ಭೌತಶಾಸ್ತ್ರ ಏನು ಮಾಡುತ್ತದೆಯೋ ಅದನ್ನು ಅವಳಿಗೂ ಮಾಡಿತು. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲೂ ರಸಾಯನಶಾಸ್ತ್ರದಲ್ಲೂ ಫೇಲಾದಳು, ಜೀವಶಾಸ್ತ್ರದಲ್ಲಿ ತರಗತಿಗೆ ಎರಡನೆಯವಳು. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾಳೆ, ವೆಕ್ಟರ್ ಲೆಕ್ಕಗಳನ್ನು ನಾನೂ ಅವಳ ಜೊತೆಗೆ ಹೊಸದಾಗಿ ಕಲಿಯುತ್ತಿದ್ದೇನೆ. ಸುಲಿತ ಈ ಸುಗ್ಗಿಯಲ್ಲೂ ನಿಂತಿಲ್ಲ, ಕೈಯ ಚೊಗರು ಹಾಗೇ ಇದೆ. ಕಾಲೇಜಿನ ಉಪನ್ಯಾಸಕರೊಬ್ಬರು ನನ್ನ ಹಳೆಯ ವಿದ್ಯಾರ್ಥಿ. ಕಳೆದ ತಿಂಗಳು ಆ ಕಡೆ ಹೋದಾಗ ಹಾಜರಿ ಪುಸ್ತಕ ತೋರಿಸಪ್ಪ ಎಂದು ಕೇಳಿ ನೋಡಿದೆ. ಎರಡು ಮಂಗಳವಾರ ಖಾಲಿ ಇದ್ದವು. ಒಂದು ದಿನ ಬಸ್ಸು ಬಂದಿರಲಿಲ್ಲವಂತೆ. ಇನ್ನೊಂದು ದಿನ ಏನೆಂದು ಭಾನುವಾರ ಅವಳನ್ನೇ ಕೇಳಬೇಕು.